ಕಫಚಿಕಿತ್ಸೆಯೂ ಮಧುತ್ಯಾಗವೂ

ಕೋಣಂದೂರು, ಹೊಂಬುಜ, ತೀರ್ಥಹಳ್ಳಿಗಳ ಮಲೆಸೀಮೆಯು ವೈದ್ಯಪರಿಭಾಷೆಯಲ್ಲಿ ಆನೂಪದೇಶ, ಎಂದರೆ ಕಫಪ್ರಧಾನವಾದುದು. ಇಲ್ಲಿಯ ಕೆಮ್ಮು ನೆಗಡಿಗಳಿಗೆಲ್ಲ ಮಳೆಯೇ ಕಾರಣವೆಂಬುದು ಲೋಕರೂಢಿ. ಶಾಸ್ತ್ರವಾದರೋ ಕಫಕ್ಕೆ ಶಿಶಿರದಲ್ಲಿ ಸಂಚಯವನ್ನೂ ವಸಂತದಲ್ಲಿ ಪ್ರಕೋಪವನ್ನೂ ಹೇಳುತ್ತದೆ. ವರ್ಷರ್ತು ವಾತಪ್ರಕೋಪದ ಕಾಲ.

ದೋಷತ್ರಯಕ್ಕೆ ಪರಮೌಷಧಗಳನ್ನು ಹೇಳುವಾಗ ವಾಗ್ಭಟನು ವಾತಕ್ಕೆ ತೈಲವನ್ನೂ ಪಿತ್ತಕ್ಕೆ ಘೃತವನ್ನೂ ಕಫಕ್ಕೆ ಜೇನನ್ನೂ ವಿಧಿಸಿದ್ದಾನೆ. ಜೈನವೈದ್ಯನಿಗೆ ತೊಡಕು ಇಲ್ಲಿಯೇ. ಸಮಂತಭದ್ರಾಚಾರ್ಯರ ರತ್ನಕರಂಡಕವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯ ಮಾಂಸಗಳೊಡನೆ ಮಧುತ್ಯಾಗವನ್ನೂ ಸೇರಿಸಿದೆ. ಹೀಗಾಗಿ ಮೂರರಲ್ಲಿ ಕಫದ ಔಷಧವೊಂದೇ ವ್ರತಕ್ಕೆ ವಿರುದ್ಧವಾಯಿತು.

ಉಗ್ರಾದಿತ್ಯಾಚಾರ್ಯರು ಅಮೋಘವರ್ಷ ನೃಪತುಂಗನ (814-878) ಕಾಲದವರು. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ ಪ್ರಕಟಿಸಿದ ಅವರ ಕಲ್ಯಾಣಕಾರಕದಲ್ಲಿ ವಾತ, ಪಿತ್ತ, ಕಫ ರೋಗಗಳಿಗೆ ಪ್ರತ್ಯೇಕ ಅಧಿಕಾರಗಳಿವೆ. ಅನುಬಂಧವಾದ ಹಿತಾಹಿತಾಧ್ಯಾಯವು ಮಾಂಸನಿರಾಕರಣಕ್ಕೆ ಮೀಸಲು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದಾಗಲೂ ಮದ್ಯಮಾಂಸವರ್ಜಿತ ಚಿಕಿತ್ಸೆಯ ಮಾರ್ಗವನ್ನೇ ಹಿಡಿದನು.

ಜೇನಿಗೆ ಬದಲು ಬೆಲ್ಲವೆಂದು ಸುಲಭವಾಗಿ ಹೇಳಿಬಿಡುವುದುಂಟು. ಆದರೆ ಹೊಸಬೆಲ್ಲವು ಸ್ವತಃ ಕಫಕರ, ಹಳೆಯದೇ ಪಥ್ಯ. ಹಸಿಶುಂಠಿಯು ಅನಂತಕಾಯವಾದುದರಿಂದ ವರ್ಜ್ಯ, ಒಣಶುಂಠಿ ಗ್ರಾಹ್ಯ. ಆದ್ದರಿಂದ ಶುಂಠಿ, ಮೆಣಸು, ಹಿಪ್ಪಲಿಗಳ ತ್ರಿಕಟುವಿಗೆ ಬಾಧೆಯಿಲ್ಲ. ಉಳಿದ ಎರಡು ಉಪಾಯಗಳು ಶ್ರಾವಕಾಚಾರದಲ್ಲಿಯೇ ಇವೆ: ವೈದ್ಯರು ಲಂಘನವೆನ್ನುವುದು ಉಪವಾಸಕ್ಕೆ ಸಮೀಪವಾದುದು, ಕಫಹರವೆನ್ನುವ ಉಷ್ಣೋದಕವು ವ್ರತಿಗಳ ಪ್ರಾಸುಕ ಜಲವೇ. ಅವುಗಳ ಉದ್ದೇಶ ಮಾತ್ರ ಸಂಯಮ ಮತ್ತು ಜೀವದಯೆ, ಕಫಶಮನವಲ್ಲ. ಎರಡನ್ನೂ ಒಂದೆಂದು ಸಾಧಿಸಹೊರಡುವುದು ಆಗಮಕ್ಕೂ ವೈದ್ಯಕ್ಕೂ ನ್ಯಾಯವಲ್ಲ.

ಸಂಪಾದಕನ ಕಷ್ಟ ಬೇರೆ. ಕಫಯೋಗಗಳ ಓಲೆಗಳಲ್ಲಿ ‘ಮಧು’ ಎಂಬ ಪಾಠ ಕಂಡೊಡನೆ ಗ್ರಂಥಕರ್ತನನ್ನು ಅಜೈನನೆನ್ನಲಾಗದು. ‘ಮಧುಕ’ವೆಂದರೆ ಜ್ಯೇಷ್ಠಮಧು, ಲಿಪಿಕಾರನು ಒಂದಕ್ಷರ ಬಿಟ್ಟರೆ ಬೇರು ಜೇನಾಗುತ್ತದೆ. ‘ಮಾಕ್ಷಿಕ’ವು ಜೇನೂ ಹೌದು, ರಸವೈದ್ಯದ ಖನಿಜವೂ ಹೌದು. ಇದಕ್ಕೆ ವಿಪರೀತವಾಗಿ, ಮತಾಭಿಮಾನದಿಂದ ಮಧುವನ್ನೆಲ್ಲ ಮಧುಕವೆಂದು ತಿದ್ದುವುದೂ ಅಷ್ಟೇ ದೋಷ. ಅನ್ಯಗ್ರಂಥಗಳಿಂದ ಎತ್ತಿಕೊಂಡ ಯೋಗಗಳಲ್ಲಿ ಜೇನು ಹಾಗೆಯೇ ಉಳಿದಿರಬಹುದು. ಪದ್ಯಗಳಲ್ಲಿ ಒಂದು ಲಘು ಹೆಚ್ಚಿತೋ ಕಡಮೆಯಾಯಿತೋ ಎಂಬುದನ್ನು ಛಂದಸ್ಸೇ ತಿಳಿಸುತ್ತದೆ. ಗದ್ಯರೂಪದ ಯೋಗಪಟ್ಟಿಗಳಲ್ಲಿ ಆ ಸಹಾಯವಿಲ್ಲ; ಅಲ್ಲಿ ಪ್ರತ್ಯಂತರಗಳನ್ನು ಹೋಲಿಸಿಯೇ ಪಾಠವನ್ನು ನಿಶ್ಚಯಿಸಬೇಕು.