ಶಿಕ್ಷೆ ಮುಗಿದ ಮೇಲೆ ಉಳಿಯುವ ದಾಖಲೆ

ಊರಿನಿಂದ ಬಂದ ನೆಂಟರನ್ನು ಪರ್ತಿನ ನಮ್ಮ ಕುಟುಂಬಗಳು ಕರೆದೊಯ್ಯುವ ತಾಣಗಳಲ್ಲಿ ಫ್ರೀಮ್ಯಾಂಟಲ್‌ನ ಹಳೆಯ ಸೆರೆಮನೆಯೂ ಒಂದು. ಸುಣ್ಣಕಲ್ಲಿನ ಆ ಗೋಡೆಗಳನ್ನು ಎಬ್ಬಿಸಿದವರು ಬ್ರಿಟನ್ನಿನಿಂದ ಗಡೀಪಾರಾಗಿ ಬಂದ ಕೈದಿಗಳೇ. 1850ರ ಜೂನ್ 1ರಂದು ‘ಸಿಂಡಿಯನ್’ ಹಡಗು 75 ಕೈದಿಗಳನ್ನು ಹೊತ್ತು ತಂದಿತು; 1868ರ ಜನವರಿಯಲ್ಲಿ ಕೊನೆಯ ಹಡಗು ಬಂದಿತು. ಈ ನಡುವೆ ಬಂದವರು ಸುಮಾರು 9,700 ಮಂದಿ. ಅವರ ಕಾಲದಲ್ಲಿ ಎದ್ದ ಪ್ರಶ್ನೆಯೊಂದು ಇಂದು ನಮ್ಮ ಮಕ್ಕಳು ಉದ್ಯೋಗದ ಅರ್ಜಿ ತುಂಬುವಾಗಲೂ ಎದುರಾಗುತ್ತದೆ: ಒಮ್ಮೆ ಮಾಡಿದ ತಪ್ಪು ಮನುಷ್ಯನನ್ನು ಎಷ್ಟು ಕಾಲ ಹಿಂಬಾಲಿಸಬೇಕು?

ಅಂದಿನ ಉತ್ತರ ‘ಟಿಕೆಟ್ ಆಫ್ ಲೀವ್’ ಎಂಬ ರಹದಾರಿ. ಅದನ್ನು ಪಡೆದವನು ಕೂಲಿಗೆ ದುಡಿಯಬಹುದಿತ್ತು. ಆದರೆ ಗೊತ್ತುಪಡಿಸಿದ ಜಿಲ್ಲೆಯನ್ನು ಅನುಮತಿಯಿಲ್ಲದೆ ಬಿಡುವಂತಿರಲಿಲ್ಲ. ದುಡಿಯುವ ಕೈಗಳು ವಿರಳವಾಗಿದ್ದ ಆ ವಸಾಹತಿಗೆ ಕೈದಿಗಳ ವಿದ್ಯೆಯೂ ಬೇಕಾಯಿತು. ಕೆಲವರು ಶಾಲಾ ಶಿಕ್ಷಕರೂ ಆದರು. ಸುಳ್ಳು ದಸ್ತಾವೇಜಿನ ಅಪರಾಧಕ್ಕಾಗಿ 1852ರಲ್ಲಿ ಬಂದ ಜೋಸೆಫ್ ಲೂಕಸ್ ಹಾರಕ್ಸ್ ಲಿಂಟನ್ ಶಿಬಿರದಲ್ಲಿ ರೋಗಿಗಳ ಆರೈಕೆ ಮಾಡಿದನು. ಮುಂದೆ ನಾರ್ತಾಂಪ್ಟನ್ ಬಳಿ ತಾಮ್ರದ ಗಣಿ ನಡೆಸಿ, ಅಲ್ಲೊಂದು ಚರ್ಚನ್ನೂ ಕಟ್ಟಿಸಿದನು.

ಉಳಿದೆರಡು ನಗರಗಳ ಕಥೆ ಬೇರೆ. 1825ರಲ್ಲಿ ನದಿಯ ದಡಕ್ಕೆ ಬಂದ ಬ್ರಿಸ್ಬೇನಿನ ನೆಲೆ ಮತ್ತೆ ಮತ್ತೆ ತಪ್ಪಿ ನಡೆದ ಕೈದಿಗಳಿಗೆಂದೇ ಮೀಸಲಾಗಿತ್ತು. ಸ್ವತಂತ್ರ ವಲಸಿಗರಿಗೆ ಅದು ತೆರೆದದ್ದು 1842ರಲ್ಲಿ. ಅಡಿಲೇಡ್ ಮಾತ್ರ 1836ರಿಂದಲೂ ಕೈದಿಗಳಿಲ್ಲದ ನಾಡೆಂದು ಹೆಮ್ಮೆಪಟ್ಟಿತು. ಪಶ್ಚಿಮದಿಂದ ಬರುವ ಮಾಜಿ ಕೈದಿಗಳನ್ನು ತಡೆಯಲು ಶಾಸನವನ್ನೂ ಮಾಡಿತು. ಒಂದು ವಸಾಹತು ಕೆಲಸ ಕೊಟ್ಟವನಿಗೆ ಇನ್ನೊಂದು ಬಾಗಿಲು ಮುಚ್ಚಿತು.

ಇದೇ ಬ್ರಿಟಿಷ್ ಆಳ್ವಿಕೆ ನಮ್ಮ ನಾಡಿನಲ್ಲಿ ಇನ್ನೂ ಕಠೋರವಾಗಿ ವರ್ತಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಮುಂದೆ ಹುಬ್ಬಳ್ಳಿ, ಗದಗದಂಥ ಊರುಗಳಲ್ಲಿ ಅವರನ್ನು ತಂತಿಬೇಲಿಯ ‘ಸೆಟ್ಲ್‌ಮೆಂಟು’ಗಳಲ್ಲಿ ಇರಿಸಲಾಯಿತು. ಹಾರಕ್ಸ್‌ನಿಗೆ ಅಪರಾಧವಿತ್ತು, ಆಮೇಲೆ ಬದುಕೂ ಸಿಕ್ಕಿತು. ಇವರಿಗೆ ಅಪರಾಧವಿಲ್ಲದೆಯೇ ದಾಖಲೆ ಸಿಕ್ಕಿತು. 1952ರಲ್ಲಿ ಆ ಕಾಯಿದೆ ರದ್ದಾದರೂ ಕಳಂಕದ ನೆರಳು ಬೇಗ ಸರಿಯಲಿಲ್ಲ.

ಶಿಕ್ಷೆಗೆ ಕೊನೆಯಿರುವಂತೆ ದಾಖಲೆಗೂ ಕೊನೆಯಿರಬೇಕೆಂಬ ತತ್ತ್ವವನ್ನು ಬ್ರಿಟನ್ 1974ರಲ್ಲಿ ಕಾನೂನಾಗಿಸಿತು. ಕ್ವೀನ್ಸ್‌ಲ್ಯಾಂಡ್ 1986ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾ 1988ರಲ್ಲಿ, ದಕ್ಷಿಣ ಆಸ್ಟ್ರೇಲಿಯಾ 2009ರಲ್ಲಿ ಇಂಥ ಶಾಸನಗಳನ್ನು ಅಂಗೀಕರಿಸಿದವು. ಹೀಗೆ ಅವಧಿ ಮೀರಿದ ಅಪರಾಧವನ್ನು ‘ಸ್ಪೆಂಟ್ ಕನ್ವಿಕ್ಷನ್’ ಎನ್ನುತ್ತಾರೆ. ಮತ್ತೆ ತಪ್ಪು ಮಾಡದಿದ್ದರೆ ವಯಸ್ಕರಿಗೆ ಸಾಮಾನ್ಯವಾಗಿ 10 ವರ್ಷ. ಕ್ವೀನ್ಸ್‌ಲ್ಯಾಂಡಿನಲ್ಲಿ ಚಿಕ್ಕ ಪ್ರಕರಣಗಳಿಗೆ 5 ವರ್ಷ. ದೀರ್ಘ ಸೆರೆವಾಸಕ್ಕೆ ಈ ರಿಯಾಯಿತಿ ಎಲ್ಲೆಡೆ ಒಂದೇ ತೆರನಾಗಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಾಲ ಕಳೆದ ಮಾತ್ರಕ್ಕೆ ದಾಖಲೆ ಮರೆಯಾಗದು: ಲಘು ಅಪರಾಧಕ್ಕೆ ಪೊಲೀಸ್ ಆಯುಕ್ತರಿಗೆ, ಗಂಭೀರವಾದುದಕ್ಕೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಪರ್ತಿನವರು ಇದನ್ನು ವಿಶೇಷವಾಗಿ ಗಮನಿಸಬೇಕು.

ವಿನಾಯಿತಿಗಳೂ ಇವೆ. ಮಕ್ಕಳೊಡನೆ ಕೆಲಸ ಮಾಡುವವರ ಪರಿಶೀಲನೆಯು, ಎಂದರೆ ಕ್ವೀನ್ಸ್‌ಲ್ಯಾಂಡಿನ ಬ್ಲೂ ಕಾರ್ಡಿನಂಥವು, ಹಳೆಯ ದಾಖಲೆಯನ್ನೂ ತೆರೆದು ನೋಡುತ್ತದೆ. ನಮ್ಮ ಕನ್ನಡ ಶಾಲೆಯಲ್ಲಿ ಕಲಿಸಲು ಮುಂದೆ ಬರುವವರಿಗೂ ಇದು ಅನ್ವಯಿಸಬಹುದು. ಉಳಿದ ಉದ್ಯೋಗಗಳಲ್ಲಿ, ಕೆಲಸಕ್ಕೆ ಸಂಬಂಧಪಡದ ಅಪರಾಧ ದಾಖಲೆಯಿಂದ ತಾರತಮ್ಯವಾದರೆ ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ನೀಡಬಹುದು. ಅದರ ಶಿಫಾರಸನ್ನು ಪಾಲಿಸಲೇಬೇಕೆಂಬ ಕಟ್ಟುಪಾಡು ಮಾತ್ರ ಮಾಲೀಕನಿಗಿಲ್ಲ.

ಕುಡಿದು ವಾಹನ ಚಲಾಯಿಸಿ ನ್ಯಾಯಾಲಯ ಕಂಡ ಮಗನ ವಿಷಯವನ್ನು ನಮ್ಮ ಮನೆಗಳು ಮುಚ್ಚಿಡುತ್ತವೆ. ನಾಲ್ಕು ಜನಕ್ಕೆ ತಿಳಿದರೆ ಮಾನ ಹೋದೀತೆಂಬ ಅಂಜಿಕೆ. ಆ ಅಂಜಿಕೆಯಲ್ಲೇ ಆತ ಅರ್ಜಿಯಲ್ಲಿ ಸುಳ್ಳು ಬರೆದರೆ, ಹಳೆಯ ತಪ್ಪಿಗಿಂತ ಹೊಸ ಸುಳ್ಳೇ ಅವನ ಕೆಲಸಕ್ಕೆ ಎರವಾಗಬಹುದು. ಅವಧಿ ಮೀರಿದ ದಾಖಲೆಯನ್ನು, ವಿನಾಯಿತಿಯ ಕೆಲಸಗಳ ಹೊರತು, ಹೇಳಬೇಕಾಗಿಲ್ಲ. ಅವಧಿ ಮೀರಿರದಿದ್ದರೆ ಕೇಳಿದಾಗ ಮರೆಮಾಚಬಾರದು. ಯಾವುದು ಯಾವುದೆಂದು ತಿಳಿಯದಿದ್ದರೆ ಉಚಿತ ಕಾನೂನು ನೆರವಿನ ಕೇಂದ್ರದಲ್ಲಿ ಕೇಳಿ ತಿಳಿಯಬಹುದು. ಕೈದಿಗಳು ಕಟ್ಟಿದ ನಾಡಿನಲ್ಲಿ ಬಾಳುತ್ತಿರುವ ನಾವು, ನಮ್ಮವನೊಬ್ಬ ಎಡವಿದಾಗ ಅವನೊಡನೆ ಕುಳಿತು ಆ ಅರ್ಜಿಯನ್ನು ಓದುವಷ್ಟಾದರೂ ಮಾಡಬೇಕು.