ಕೀಬೋರ್ಡಿನ ಸಿದ್ಧ ಧ್ವನಿ ಮತ್ತು ಸ್ವಂತ ಧ್ವನಿ

ಕೊಪ್ಪಳ ಜಿಲ್ಲೆಯ ಮಂಗಳೂರು, ಕುಕನೂರು, ಯಲಬುರ್ಗಾ ಸೀಮೆಯ ಜಾತ್ರೆ ನಾಟಕಗಳಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರರ ಬಳಿ ಈಗ ಕೀಬೋರ್ಡ್, ರಿದಂ ಪ್ಯಾಡ್ ಬಂದು ಕೂತಿವೆ. ಕೀಬೋರ್ಡ್ ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಅದು ‘ಕ್ಯಾಸಿಯೋ’. ಒಂದು ಗುಂಡಿಗೆ ಶಹನಾಯಿ, ಇನ್ನೊಂದಕ್ಕೆ ಕೊಳಲು. ತಯಾರಕರೇ ರೂಪಿಸಿ ಯಂತ್ರದಲ್ಲಿ ತುಂಬಿಟ್ಟ ಇಂಥ ಧ್ವನಿಯೇ ಪ್ರಿಸೆಟ್. ನುಡಿಸುವವನೇ ಧ್ವನಿಯನ್ನು ಕಟ್ಟಿಕೊಂಡರೆ ಅದು ಧ್ವನಿ ವಿನ್ಯಾಸ.

ಪ್ರಿಸೆಟ್ ಬಂದ ಬಗೆ

1970ರ ಮಿನಿಮೂಗ್ ಸಿಂಥಸೈಜರಿನಲ್ಲಿ ಧ್ವನಿಯನ್ನು ಉಳಿಸಿಡುವ ಸೌಲಭ್ಯ ಇರಲಿಲ್ಲ. ಹಾಡು ಬದಲಾದರೆ ತಿರುಗುಗುಂಡಿಗಳನ್ನು ಕೈಯಾರೆ ಮತ್ತೆ ಹೊಂದಿಸಬೇಕಿತ್ತು. 1978ರ ಪ್ರಾಫೆಟ್-5 ಯಂತ್ರ 40 ಧ್ವನಿಗಳನ್ನು ನೆನಪಿಟ್ಟುಕೊಂಡಿತು. 1983ರಲ್ಲಿ ಯಮಾಹಾ ಡಿಎಕ್ಸ್7 ಬಂತು. ಒಂದು ಅಲೆಯಿಂದ ಇನ್ನೊಂದರ ಆವರ್ತನವನ್ನು ಏರಿಳಿಸಿ ಧ್ವನಿ ಹುಟ್ಟಿಸುವ, ಅಮೆರಿಕದ ಜಾನ್ ಚೌನಿಂಗ್ ಕಂಡುಕೊಂಡ ಎಫ್‌ಎಂ ವಿಧಾನ ಅದರ ಆಧಾರ. ಅದರಲ್ಲಿ ಹೊಸ ಧ್ವನಿ ಕಟ್ಟುವುದು ಕಠಿಣವಾಗಿತ್ತು. ಹೆಚ್ಚಿನವರು ಜೊತೆಗೆ ಬಂದ ಧ್ವನಿಗಳಲ್ಲೇ ಉಳಿದರು. ಎಂಬತ್ತರ ದಶಕದ ಹಾಡುಗಳಲ್ಲಿ ಒಂದೇ ಎಲೆಕ್ಟ್ರಿಕ್ ಪಿಯಾನೋ ಮತ್ತೆ ಮತ್ತೆ ಕೇಳಿಸುವುದು ಇದರಿಂದಲೇ.

ಧ್ವನಿಯ ಒಳಗೆ

ಆಸಿಲೇಟರ್ ಕಚ್ಚಾ ಅಲೆಯನ್ನು ಹುಟ್ಟಿಸುತ್ತದೆ, ಫಿಲ್ಟರ್ ಅದರ ಮೊನಚನ್ನು ತಗ್ಗಿಸುತ್ತದೆ. ಧ್ವನಿ ಎಷ್ಟು ಬೇಗ ಏಳಬೇಕು, ಎಷ್ಟರಲ್ಲಿ ನಿಲ್ಲಬೇಕು, ಬೆರಳು ಎತ್ತಿದ ಮೇಲೆ ಎಷ್ಟು ಹೊತ್ತಿಗೆ ಅಡಗಬೇಕು ಎಂಬುದನ್ನು ಎನ್ವಲಪ್ ನಿರ್ಧರಿಸುತ್ತದೆ.

ಶಹನಾಯಿಯನ್ನೇ ನೋಡಿ. ಪ್ರಿಸೆಟ್ ಆರಿಸಿ ನುಡಿಸಿದರೆ ಸ್ವರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಸ್ವರಗಳ ನಡುವಿನ ಜಾರು, ಅಂದರೆ ಮೀಂಡ್, ಬರುವುದಿಲ್ಲ. ಒಂದು ಸಲಕ್ಕೆ ಒಂದೇ ಸ್ವರ ಬರುವಂತೆ ಮಾಡಿ, ಸ್ವರದಿಂದ ಸ್ವರಕ್ಕೆ ಜಾರುವ ಪೋರ್ಟಮೆಂಟೋ ಹಚ್ಚಿ, ಕಂಪನ ಸ್ವಲ್ಪ ತಡವಾಗಿ ಶುರುವಾಗುವಂತೆ ಇಟ್ಟರೆ ಉಸಿರಿನ ವಾದ್ಯದ ನಡಿಗೆ ಕಾಣತೊಡಗುತ್ತದೆ. ಸ್ವಂತ ಧ್ವನಿ ಎಂದರೆ ಸೊನ್ನೆಯಿಂದಲೇ ಕಟ್ಟಬೇಕೆಂದೇನಿಲ್ಲ. ಪ್ರಿಸೆಟ್ಟನ್ನು ಹೀಗೆ ತಿದ್ದಿಕೊಳ್ಳುವುದೂ ವಿನ್ಯಾಸವೇ. ಕಲಿಯುವವರಿಗೆ ಇದೇ ಸರಿಯಾದ ದಾರಿ ಎಂದು ನನ್ನ ನಂಬಿಕೆ.

ಬೆಂಗಳೂರಿನ ತಂಬೂರಿ

ಧ್ವನಿ ವಿನ್ಯಾಸಕ್ಕೆ ಕರ್ನಾಟಕದ ದೊಡ್ಡ ಉದಾಹರಣೆ ಎಲೆಕ್ಟ್ರಾನಿಕ್ ತಂಬೂರಿ. ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ 1979ರಲ್ಲಿ ಬೆಂಗಳೂರಿನಲ್ಲಿ ಇದನ್ನು ಹೊರತಂದಿತು. ಮೀಟಿದ ತಂತಿ ನಿಧಾನ ಅಡಗುವ ಬಗೆ, ಅದರ ಝೇಂಕಾರವಾದ ಜವಾರಿ, ಮುಂದಿನ ತಂತಿಗೆ ಬೇಕಾದ ಅಂತರ ಎಲ್ಲವನ್ನೂ ಕಿವಿಯಿಂದ ಅಳೆದು ಸರ್ಕ್ಯೂಟಿಗೆ ತರಬೇಕಾದ ಕೆಲಸ ಅದು. ಹಾಡುವವರ ಅಗತ್ಯ ಬಲ್ಲವರೇ ಯಂತ್ರ ಕಟ್ಟಿದ್ದರಿಂದ ಅದು ಊರೂರಿನ ಸಂಗೀತ ಪಾಠಶಾಲೆಗಳಿಗೆ ಮುಟ್ಟಿತು.

ಶ್ರುತಿಯ ಪ್ರಶ್ನೆ

ಸ್ವರಸ್ಥಾನ ಬದಲಿಸಲಾಗದ ವಾದ್ಯದ ಬಗ್ಗೆ ನಮ್ಮಲ್ಲಿ ಹಳೆಯ ತಕರಾರಿದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿತು. 1971ರಲ್ಲಿ ನಿರ್ಬಂಧ ಸಡಿಲವಾಯಿತು. ಕೀಬೋರ್ಡಿನ ಪ್ರಿಸೆಟ್‌ಗಳೂ ಸಾಮಾನ್ಯವಾಗಿ ಸಮ ಅಂತರದ ಶ್ರುತಿಯವೇ. ಆ ಶ್ರುತಿಯಲ್ಲಿ ಹಿಂದೂಸ್ತಾನಿ ಪದ್ಧತಿಯ ಶುದ್ಧ ಗಾಂಧಾರ, ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಮೇಲಿರುತ್ತದೆ. ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಪಾಲು. ಈಗಿನ ಕೆಲವು ಕೀಬೋರ್ಡುಗಳಲ್ಲಿ ಸ್ಕೇಲ್ ಟ್ಯೂನಿಂಗ್ ಇದೆ. ಪ್ರತಿ ಸ್ವರವನ್ನೂ ಬೇರೆಯಾಗಿ ಏರಿಸಬಹುದು, ಇಳಿಸಬಹುದು.

ಇಷ್ಟೆಲ್ಲ ತಿದ್ದಲು ನಾಟಕದ ರಾತ್ರಿ ಬಿಡುವಿಲ್ಲ. ಪರದೆ ಏಳುವಷ್ಟರಲ್ಲಿ ಗುಡುಗು ಬೇಕು, ಮದುವೆ ದೃಶ್ಯಕ್ಕೆ ವಾಲಗ ಬೇಕು. ಅಲ್ಲಿ ಪ್ರಿಸೆಟ್ ಬಿಟ್ಟರೆ ಗತಿಯಿಲ್ಲ. ಆದರೆ ರಂಗಗೀತೆಗೆ ಜೊತೆ ಕೊಡುವ ಪೇಟಿ, ಶಹನಾಯಿ ಧ್ವನಿಗಳನ್ನಾದರೂ ತಾಲೀಮಿನ ದಿನಗಳಲ್ಲೇ ಹಾಡುವವರ ಎದುರು ಕೂತು ತಿದ್ದಿ, ಸ್ವಂತ ಧ್ವನಿ ಇಡುವ ಯೂಸರ್ ಮೆಮೊರಿಯಲ್ಲಿ ಬೇರೆ ಹೆಸರಿಟ್ಟು ಉಳಿಸಿಕೊಳ್ಳಬೇಕು.