ಚಳಿಗಾಲದ ಅಣಬೆಯ ಗುರುತು

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಮುಂಗಾರಿನಲ್ಲಿ ಹುತ್ತದ ಬಳಿ ಏಳುವ ಅಣಬೆಗಳು ಆಗ ಕಾಣಸಿಗುವುದು ಅಪರೂಪ. ಆದರೆ ಚಳಿ ಬಿದ್ದ ಮೇಲೆಯೇ ತಲೆಯೆತ್ತುವ ಅಣಬೆಯೊಂದು ಶೀತದೇಶಗಳ ಕಾಡಿನಲ್ಲುಂಟು. ಈಚೆಗೆ ನಮ್ಮ ಪೇಟೆಯ ದೊಡ್ಡ ಅಂಗಡಿಗಳಿಗೂ ಬಂದಿರುವ, ಶಾವಿಗೆಯ ಕಟ್ಟಿನಂಥ ಬಿಳಿಯ ‘ಎನೊಕಿ’ ಅದರ ಹತ್ತಿರದ ನಂಟ.

ಲಂಡನ್ನಿನ ಸುತ್ತಮುತ್ತಲ ಸಸ್ಯಗಳನ್ನು ಚಿತ್ರಸಹಿತ ವರ್ಣಿಸಿದ ವಿಲಿಯಂ ಕರ್ಟಿಸ್, 1782ರಲ್ಲಿ ಈ ಅಣಬೆಗೆ ‘ವೆಲ್ಯುಟಿಪೆಸ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಮಖಮಲ್ ಕಾಲಿನದು. ಕಿತ್ತಳೆ ಬಣ್ಣದ ಅಂಟಂಟಾದ ಕೊಡೆ, ಬುಡದತ್ತ ಕಪ್ಪಾಗುವ ಮಖಮಲ್ಲಿನಂಥ ಕಾಂಡ, ಸತ್ತ ಮರದ ಮೇಲೆ ಗೊಂಚಲು ಗೊಂಚಲಾಗಿ ಬೆಳೆಯುವುದು ಇದರ ಲಕ್ಷಣ. ಹಿಮದಲ್ಲಿ ಹೆಪ್ಪುಗಟ್ಟಿದರೂ ಕರಗಿದ ಮೇಲೆ ಮತ್ತೆ ಬೆಳೆಯಬಲ್ಲದು.

ಇಷ್ಟು ಗುರುತು ಸಾಲದೇ? ಸಾಲದು. ‘ಗ್ಯಾಲೆರಿನಾ’ ಎಂಬ ವಿಷದ ಅಣಬೆಯೂ ಕೊಳೆತ ಮರದ ಮೇಲೆ, ಹೆಚ್ಚುಕಡಿಮೆ ಇದೇ ಬಣ್ಣದಲ್ಲಿ ಏಳುತ್ತದೆ. ಅದರ ನಂಜು ಬೇಯಿಸಿದರೂ ಹೋಗದು. ತಿಂದ ಹಲವು ಗಂಟೆಗಳವರೆಗೆ ಏನೂ ತಿಳಿಯದೆ, ಬಳಿಕ ಯಕೃತ್ತು ಕೆಡುತ್ತದೆ. ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಹುಳು ತಿಂದಿದ್ದರೆ ಒಳ್ಳೆಯದು ಎಂಬ ಹಳೆಯ ಪರೀಕ್ಷೆಗಳು ಇಲ್ಲಿ ಕೆಲಸಕ್ಕೆ ಬಾರವು.

ಬಲ್ಲವರು ಬೇರೊಂದು ದಾರಿ ಹಿಡಿಯುತ್ತಾರೆ. ಕೊಡೆಯನ್ನು ಕತ್ತರಿಸಿ, ಅರ್ಧ ಕಪ್ಪು ಅರ್ಧ ಬಿಳಿಯ ಕಾಗದದ ಮೇಲೆ ಬೋರಲಾಗಿಟ್ಟು, ಬಟ್ಟಲು ಮುಚ್ಚಿ ರಾತ್ರಿ ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಬೀಜಾಣುಗಳ ಧೂಳು ಉದುರಿ ಅಚ್ಚು ಮೂಡಿರುತ್ತದೆ. ಚಳಿಗಾಲದ ಅಣಬೆಯ ಅಚ್ಚು ಬಿಳಿ. ಗ್ಯಾಲೆರಿನಾದ್ದು ತುಕ್ಕಿನ ಕಂದು. ಆದರೆ ಬಿಳಿಯ ಅಚ್ಚು ಮೂಡಿಸುವ ಮಾರಕ ಅಣಬೆಗಳೂ ಬೇರೆ ಇವೆ. ಆದ್ದರಿಂದ ಒಂದೇ ಗುರುತನ್ನು ನಂಬುವಂತಿಲ್ಲ.

ವಿಜ್ಞಾನಿಗಳೂ ಎಡವದೆ ಇರಲಿಲ್ಲ. ಕತ್ತಲಲ್ಲಿ, ತಂಪಿನಲ್ಲಿ ಸೀಸೆಗಳೊಳಗೆ ಬೆಳೆಸುವ ಎನೊಕಿಯೂ ಕರ್ಟಿಸನ ಅಣಬೆಯೂ ಒಂದೇ ಎಂದು ಬಹುಕಾಲ ಎಣಿಸಿದ್ದರು. 2018ರಲ್ಲಿ ಡಿಎನ್‌ಎ ಹೋಲಿಸಿದಾಗ ಪೂರ್ವ ಏಷ್ಯಾದ್ದು ಬೇರೆಯೇ ಪ್ರಭೇದವೆಂದು ತಿಳಿಯಿತು. ಈಗ ಅದು ‘ಫಿಲಿಫಾರ್ಮಿಸ್’.

ಗುರುತಿಲ್ಲದ ಕಾಡಣಬೆಯನ್ನು ‘ನಾಯಿಕೊಡೆ’ ಎಂದು ದೂರವಿಡುವುದು ನಮ್ಮಲ್ಲಿ ರೂಢಿ. ಬಲ್ಲವರೇ ಬಹುಕಾಲ ಒಂದೆಂದು ಎಣಿಸಿದ್ದು ಎರಡಾದ ಮೇಲೆ, ಆ ಎಚ್ಚರವನ್ನು ಹಳೆಯ ಅಂಜಿಕೆ ಎಂದು ನಗುವಂತಿಲ್ಲ.